ಮೂರು ರೋಗಿಗಳು, ಒಂದು ಬೆರಳು

ಪೀಣ್ಯ ಎರಡನೇ ಹಂತದ ಒಂದು ಚಹಾದಂಗಡಿಯ ಮುಂದೆ ರಾಯಚೂರು ಕಡೆಯ ಹುಡುಗನೊಬ್ಬ ನನಗೆ ಮೂರು ಚೀಟಿ ತೋರಿಸಿದ. ಆಧಾರ್ ಕಾರ್ಡಿನ ಜೊತೆ ಪ್ಲಾಸ್ಟಿಕ್ ಕವರಿನಲ್ಲಿ ಮಡಚಿಟ್ಟುಕೊಂಡಿದ್ದ. ಮೂರೂ ಬೇರೆ ಬೇರೆ ಸರ್ಕಾರಿ ಆಸ್ಪತ್ರೆಗಳ ಚೀಟಿಗಳು, ಮೂರರಲ್ಲೂ ಒಂದೇ ತಾರೀಖು. ಬೆಳಿಗ್ಗೆ ಪ್ರೆಸ್ ಮಷೀನಿಗೆ ಬಲಗೈ ತೋರುಬೆರಳು ಸಿಕ್ಕಿತ್ತು. ಮೊದಲ ಆಸ್ಪತ್ರೆಯಲ್ಲಿ ಹೆಸರು ಬರೆದುಕೊಂಡು, ಬಟ್ಟೆ ಸುತ್ತಿ, ದೊಡ್ಡಾಸ್ಪತ್ರೆಗೆ ಹೋಗು ಅಂದರು. ಎರಡನೆಯದರಲ್ಲಿ ಹೆಸರು ಬರೆದುಕೊಂಡು, ಇವತ್ತು ಸರ್ಜನ್ ಇಲ್ಲ, ಇನ್ನೊಂದು ಕಡೆ ಹೋಗು ಅಂದರು. ಮೂರನೆಯದರಲ್ಲಿ ಹೆಸರು ಬರೆದುಕೊಂಡು ಸಂಜೆಗೆ ಅಡ್ಮಿಟ್ ಮಾಡಿಕೊಂಡರು. ಅಷ್ಟರಲ್ಲಿ ಬೆರಳಿನ ತುದಿ ಉಳಿಸುವ ಮಾತು ಮುಗಿದಿತ್ತು. ಮೊದಲ ಎರಡು ಚೀಟಿಗಳ ಮೇಲೆ ಉಳಿದ ಬೆರಳುಗಳನ್ನು ಇಟ್ಟು ಅವನು ಹೇಳಿದ ಮಾತು ಇಷ್ಟೇ: "ಬರಕೊಂಡ್ರು ಅಕ್ಕಾ, ನೋಡ್ಲಿಲ್ಲ."

ನಾನು ಪಿಎಚ್‌ಡಿ ವಿದ್ಯಾರ್ಥಿನಿ. ಕೈಗಾರಿಕಾ ಪ್ರದೇಶಗಳ ಕೂಲಿಕಾರರು ಕಾಯಿಲೆ ಬಿದ್ದಾಗ ಎಲ್ಲಿಗೆ ಹೋಗುತ್ತಾರೆ ಎಂಬುದು ನನ್ನ ಅಧ್ಯಯನದ ವಿಷಯ. ಆ ದಿನ ರಾತ್ರಿ ಹಾಸ್ಟೆಲಿಗೆ ಬಂದು ಲೆಕ್ಕ ಹಾಕಿದೆ. ಆ ತಿಂಗಳ ವರದಿಯಲ್ಲಿ ಮೊದಲ ಆಸ್ಪತ್ರೆಯ ಹೊರರೋಗಿಗಳ ಸಂಖ್ಯೆ ಒಂದು ಹೆಚ್ಚಾಗಿರುತ್ತದೆ. ಎರಡನೆಯದರಲ್ಲೂ ಒಂದು, ಮೂರನೆಯದರಲ್ಲೂ ಒಂದು. ರಾಷ್ಟ್ರದ ಅಂಕಿ-ಅಂಶದಲ್ಲಿ ಅವನು ಮೂರು ಜನ. ಎರಡು ಆಸ್ಪತ್ರೆಗಳು ಅವನನ್ನು ವಾಪಸು ಕಳಿಸಿದ್ದು ಎರಡು ಸೇವೆಗಳಾಗಿ ದಾಖಲಾಗಿದೆ. ಅವನು ಒಂದೇ ಆಸ್ಪತ್ರೆಗೆ ಹೋಗಿ ಅಲ್ಲೇ ಬೆರಳು ಉಳಿದಿದ್ದರೆ ನಮ್ಮ ಸಾರ್ವಜನಿಕ ಆರೋಗ್ಯ ವ್ಯವಸ್ಥೆ ಕಾಗದದ ಮೇಲೆ ಸ್ವಲ್ಪ ಕಡಿಮೆ ಕೆಲಸ ಮಾಡಿದಂತೆ ಕಾಣುತ್ತಿತ್ತು.

ಇದನ್ನು ಒಂದು ವಿಚಾರ ಸಂಕಿರಣದಲ್ಲಿ ಹೇಳಿದಾಗ ಹಿರಿಯರೊಬ್ಬರು ಪ್ರೀತಿಯಿಂದಲೇ ಬುದ್ಧಿ ಹೇಳಿದರು. "ಅಂಕಿ-ಅಂಶ ಬಿಡಮ್ಮ, ಅದು ಸರ್ಕಾರದ ಭಾಷೆ. ಆ ಹುಡುಗನ ಕಥೆ ಬರಿ." ಸಭೆ ತಲೆದೂಗಿತು. ನನ್ನ ಜಗಳ ಶುರುವಾಗುವುದು ಅಲ್ಲಿಂದ. ಕನ್ನಡದ ಸಾಹಿತ್ಯವಲಯದಲ್ಲಿ ಬೆಳೆದ ನಮಗೆಲ್ಲ ಒಂದು ನಂಬಿಕೆ ಅಂಟಿಕೊಂಡಿದೆ: ಸಂಖ್ಯೆಗೆ ಹೃದಯವಿಲ್ಲ, ಕಥೆಗೆ ಇದೆ. ಸಂಖ್ಯೆ ಮನುಷ್ಯನನ್ನು ಅಳಿಸುತ್ತದೆ, ಕಥೆ ಉಳಿಸುತ್ತದೆ. ಕೇಳಲು ಚೆನ್ನಾಗಿದೆ. ಆದರೆ ಆ ಹುಡುಗನ ಕಥೆಯನ್ನು ನಾನು ಎಷ್ಟೇ ಚೆನ್ನಾಗಿ ಬರೆದರೂ ಎರಡನೇ ಆಸ್ಪತ್ರೆಗೆ ಸರ್ಜನ್ ಬರುವುದಿಲ್ಲ. ಸರ್ಜನ್ ಹುದ್ದೆ ಮಂಜೂರಾಗುವುದು ಸಂಖ್ಯೆಯಿಂದ. ಆ ಸಂಖ್ಯೆ ಸುಳ್ಳಾದರೆ ಅವನ ಕಥೆ ಮುಂದಿನ ವರ್ಷ ಇನ್ನೊಬ್ಬನ ಬೆರಳಿನ ಮೇಲೆ ಮತ್ತೆ ನಡೆಯುತ್ತದೆ, ನಾವು ಮತ್ತೆ ಬರೆಯುತ್ತೇವೆ. ಸಂಖ್ಯೆಯನ್ನು ಕೀಳೆಂದು ಕಾಣುವ ನಮ್ಮ ಈ ಮಡಿವಂತಿಕೆಯಿಂದ ಲಾಭವಾಗುವುದು ತಪ್ಪು ಸಂಖ್ಯೆ ಬರೆಯುವವರಿಗೆ ಮಾತ್ರ.

ಆಸ್ಪತ್ರೆಯ ಅಂಕಿ ಎಲ್ಲಿ ಹುಟ್ಟುತ್ತದೆ ಎಂದು ನಮ್ಮಲ್ಲಿ ಹೆಚ್ಚಿನವರು ನೋಡಿಲ್ಲ. ಅದು ಹುಟ್ಟುವುದು ಚೀಟಿ ಕೊಡುವ ಕಿಟಕಿಯಲ್ಲಿ. ಅಲ್ಲಿಂದ ರಿಜಿಸ್ಟರಿಗೆ, ತಿಂಗಳ ಕೊನೆಗೆ ಒಟ್ಟು ಮೊತ್ತವಾಗಿ ಕಂಪ್ಯೂಟರಿಗೆ, ಅಲ್ಲಿಂದ ಎಚ್‌ಎಂಐಎಸ್ ಎಂಬ ರಾಷ್ಟ್ರೀಯ ಪೋರ್ಟಲಿಗೆ. ಕೇಂದ್ರ ಆರೋಗ್ಯ ಸಚಿವಾಲಯ 2008ರಲ್ಲಿ ಶುರು ಮಾಡಿದ ಈ ವ್ಯವಸ್ಥೆಗೆ ದೇಶದ ಸುಮಾರು ಎರಡು ಲಕ್ಷ ಆರೋಗ್ಯ ಸಂಸ್ಥೆಗಳು ತಿಂಗಳು ತಿಂಗಳು ವರದಿ ಕಳಿಸುತ್ತವೆ. ಇದು ಸಣ್ಣ ಸಾಧನೆಯಲ್ಲ. ಆದರೆ 'ಹೊರರೋಗಿ' ಎಂದು ಅಲ್ಲಿ ಎಣಿಸುವುದು ಮನುಷ್ಯರನ್ನಲ್ಲ, ಭೇಟಿಗಳನ್ನು. ಒಬ್ಬಳು ಸಕ್ಕರೆ ಕಾಯಿಲೆಯ ಮಾತ್ರೆಗೆ ವರ್ಷಕ್ಕೆ ಹನ್ನೆರಡು ಸಲ ಬಂದರೆ ಹನ್ನೆರಡು. ಬಂದವರಿಗೆ ಚಿಕಿತ್ಸೆ ಸಿಕ್ಕಿತೋ ಇಲ್ಲ ದಾರಿ ತೋರಿಸಿ ಕಳಿಸಿದರೋ ಎಂಬುದನ್ನು ಆ ಒಂದು ಅಂಕಿ ಹೇಳುವುದಿಲ್ಲ. ಕಿಟಕಿಯ ಸಾಲು ನೋಡಿ ಕೂಲಿ ತಪ್ಪುತ್ತದೆಂದು ವಾಪಸು ಹೋದವರಂತೂ ಯಾವ ರಿಜಿಸ್ಟರಿನಲ್ಲೂ ಇಲ್ಲ.

ನಾನು ಕೂತು ನೋಡಿದ ಒಂದು ಕೇಂದ್ರದಲ್ಲಿ ಡೇಟಾ ಎಂಟ್ರಿ ಮಾಡುವ ಹೆಣ್ಣುಮಗಳು ನೂರಾರು ಕಲಂಗಳ ನಮೂನೆಯನ್ನು ತುಂಬುತ್ತಿದ್ದರು. ಮಾಹಿತಿ ಇಲ್ಲದ ಕಡೆ ಸೊನ್ನೆ ಒತ್ತುತ್ತಿದ್ದರು. ಯಾಕೆ ಎಂದೆ. "ಖಾಲಿ ಬಿಟ್ರೆ ಮೇಲಿಂದ ಫೋನ್ ಬರುತ್ತೆ ಮೇಡಂ. ಸೊನ್ನೆ ಹಾಕಿದ್ರೆ ಬರಲ್ಲ." ಅವರನ್ನು ದೂರಿ ಉಪಯೋಗವಿಲ್ಲ. ಆದರೆ ಖಾಲಿ ಜಾಗಕ್ಕೂ ಸೊನ್ನೆಗೂ ಎಷ್ಟು ಅಂತರವಿದೆ ಯೋಚಿಸಿ. ಸೊನ್ನೆ ಎಂದರೆ 'ನಾನು ನೋಡಿದೆ, ಇರಲಿಲ್ಲ'. ಖಾಲಿ ಎಂದರೆ 'ನಾನು ನೋಡಲಿಲ್ಲ'. ನಮ್ಮ ವ್ಯವಸ್ಥೆ ಎರಡನೆಯದನ್ನು ಹೇಳಲು ಬಿಡುವುದಿಲ್ಲ. ಆದ್ದರಿಂದ ನೋಡದೇ ಇದ್ದದ್ದೆಲ್ಲ ಇಲ್ಲದೇ ಇದ್ದದ್ದಾಗುತ್ತದೆ.

ಕನ್ನಡದಲ್ಲಿ ನಾವು 'ಅಂಕಿ-ಅಂಶ' ಎನ್ನುತ್ತೇವೆ. ಭಿನ್ನರಾಶಿಯಲ್ಲಿ ಗೆರೆಯ ಮೇಲಿರುವುದು ಅಂಶ, ಕೆಳಗಿರುವುದು ಛೇದ. ನಮ್ಮ ಮಾತಿನಲ್ಲಿ ಅಂಶವಿದೆ, ಛೇದ ಇಲ್ಲ. ಆಡಳಿತದಲ್ಲೂ ಹಾಗೇ ಆಗಿದೆ. ಎಷ್ಟು ಜನಕ್ಕೆ ಲಸಿಕೆ, ಎಷ್ಟು ಹೆರಿಗೆ, ಎಷ್ಟು ಹಾಸಿಗೆ ಎಂಬ ಅಂಶ ಸಿಗುತ್ತದೆ. ಒಟ್ಟು ಎಷ್ಟು ಜನರಲ್ಲಿ ಎಂದು ಕೇಳಿದರೆ 2011ರ ಜನಗಣತಿಗೆ ಹೋಗಬೇಕು, ಅಥವಾ ಅದರ ಆಧಾರದ ಮೇಲೆ ಹಾಕಿದ ಅಂದಾಜಿಗೆ. ಆ ಗಣತಿಯಲ್ಲಿ ಬೆಂಗಳೂರು ನಗರ ಜಿಲ್ಲೆಯ ಜನಸಂಖ್ಯೆ ಸುಮಾರು 96 ಲಕ್ಷ. ಅದಾದ ಮೇಲೆ ಪೀಣ್ಯಕ್ಕೆ 2014ರಲ್ಲಿ ಮೆಟ್ರೋ ಬಂತು, ವೈಟ್‌ಫೀಲ್ಡಿಗೆ 2023ರಲ್ಲಿ, ಎಲೆಕ್ಟ್ರಾನಿಕ್ ಸಿಟಿಗೆ 2025ರಲ್ಲಿ. ಮೂರೂ ಕಡೆ ಮೆಟ್ರೋ ದಿನಕ್ಕೆ ಎಷ್ಟು ಜನರನ್ನು ಹೊತ್ತಿತು ಎಂದು ಮರುದಿನವೇ ಗೊತ್ತಾಗುತ್ತದೆ. ಅದೇ ಜಾಗಗಳಲ್ಲಿ ಎಷ್ಟು ಜನ ವಾಸವಿದ್ದಾರೆ ಎಂದು ಹದಿನಾಲ್ಕು ವರ್ಷ ಕಳೆದರೂ ಗೊತ್ತಿಲ್ಲ. 2021ರ ಜನಗಣತಿ ನಡೆಯಲಿಲ್ಲ. ಮುಂದಿನದರ ಉಲ್ಲೇಖ ದಿನಾಂಕ 2027ರ ಮಾರ್ಚ್ 1. ನಡುವಿನ ವರ್ಷಗಳಿಗೆ ತಜ್ಞರ ತಂಡ ಮಾಡಿಕೊಟ್ಟ ಅಂದಾಜು ರಾಜ್ಯಮಟ್ಟದ್ದು. ಕರ್ನಾಟಕ ಎಷ್ಟು ಬೆಳೆಯಿತು ಎಂದು ಅದು ಹೇಳಬಹುದು. ಕಾಡುಗೋಡಿ ಎಷ್ಟು ಬೆಳೆಯಿತು, ದೊಡ್ಡತೋಗೂರಿನ ವಠಾರಗಳಲ್ಲಿ ಎಷ್ಟು ಜನ ಇದ್ದಾರೆ ಎಂದು ಹೇಳಲಾರದು.

ಇದು ಬರೀ ಲೆಕ್ಕದ ಸೂಕ್ಷ್ಮವಲ್ಲ. ಒಂದು ಉದಾಹರಣೆ ಕಲ್ಪಿಸಿಕೊಳ್ಳಿ. ಹಳೆಯ ಜನಸಂಖ್ಯೆಯ ಪ್ರಕಾರ ಒಂದು ವಾರ್ಡಿನಲ್ಲಿ ವರ್ಷಕ್ಕೆ 600 ಕೂಸುಗಳಿಗೆ ಲಸಿಕೆ ಹಾಕಬೇಕು. 600 ಹಾಕಿದರು. ಸಾಧನೆ ಶೇಕಡ ನೂರು, ಸಭೆಯಲ್ಲಿ ಚಪ್ಪಾಳೆ. ಆದರೆ ಆ ವಾರ್ಡಿನಲ್ಲಿ ಈಗ 1,800 ಕೂಸುಗಳಿದ್ದರೆ? ಲಸಿಕೆ ಸಿಗದ 1,200 ಮಕ್ಕಳು ಎಲ್ಲಿಗೆ ಹೋದರು? ಅವರನ್ನು ನುಂಗಿದ್ದು ಆ ನೂರು ಎಂಬ ಸಂಖ್ಯೆ. ನಗರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ರಾಷ್ಟ್ರೀಯ ನಗರ ಆರೋಗ್ಯ ಅಭಿಯಾನದ ಮಾನದಂಡ 50,000 ಜನಕ್ಕೊಂದು. ಆ ಐವತ್ತು ಸಾವಿರ ಯಾವ ವರ್ಷದ್ದು ಎಂಬ ಪ್ರಶ್ನೆಗೆ ಉತ್ತರ ಇಲ್ಲದಿದ್ದರೆ ಮಾನದಂಡ ಇದ್ದೂ ಇಲ್ಲದ ಹಾಗೆ.

ಛೇದ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಹಳೆಯ ಪಾಠವೂ ಇದೆ. ಫ್ಲಾರೆನ್ಸ್ ನೈಟಿಂಗೇಲ್ ಎಂದರೆ ನಮಗೆ ದೀಪ ಹಿಡಿದ ದಾದಿ. ಆಕೆ ದೊಡ್ಡ ಅಂಕಿ-ಅಂಶ ಪಂಡಿತೆಯೂ ಹೌದು ಎಂಬುದನ್ನು ನಮ್ಮ ಶಾಲಾ ಪಾಠ ಮುಚ್ಚಿಟ್ಟಿತು. 1860ರಲ್ಲಿ ಲಂಡನ್ನಿನಲ್ಲಿ ನಡೆದ ಅಂತರರಾಷ್ಟ್ರೀಯ ಸಾಂಖ್ಯಿಕ ಸಮ್ಮೇಳನದ ಮುಂದೆ ಆಕೆ ಎಲ್ಲ ಆಸ್ಪತ್ರೆಗಳಿಗೂ ಒಂದೇ ನಮೂನೆಯ ದಾಖಲೆ ಬೇಕೆಂಬ ಪ್ರಸ್ತಾಪ ಇಟ್ಟಳು. 1863ರಲ್ಲಿ ಹೊರಬಂದ ಆಸ್ಪತ್ರೆಗಳ ಕುರಿತ ಪುಸ್ತಕದಲ್ಲಿ, ವಿಲಿಯಂ ಫಾರ್ ಅವರ ಲೆಕ್ಕದ ಆಧಾರದ ಮೇಲೆ, ಲಂಡನ್ನಿನ 24 ಆಸ್ಪತ್ರೆಗಳ ಮರಣ ಪ್ರಮಾಣ ಶೇ. 90.84 ಎಂದು ಮುದ್ರಿಸಿದಳು. ವೈದ್ಯರು ಕೆರಳಿದರು. ಕಾರಣ ಸರಳ. ಇಡೀ ವರ್ಷದ ಸಾವುಗಳನ್ನು 1861ರ ಏಪ್ರಿಲ್ 8ರ ಒಂದೇ ದಿನ ಆಸ್ಪತ್ರೆಯಲ್ಲಿದ್ದ ಒಳರೋಗಿಗಳ ಸಂಖ್ಯೆಯಿಂದ ಭಾಗಿಸಲಾಗಿತ್ತು. ವರ್ಷವಿಡೀ ಬಂದು ಗುಣವಾಗಿ ಹೋದವರು ಛೇದದಲ್ಲಿ ಇರಲಿಲ್ಲ. ಅಷ್ಟು ದೊಡ್ಡವರೇ ಎಡವಿದರು. ಆದರೆ ಅವರು ಎಡವಿದ್ದು ಎಲ್ಲರ ಕಣ್ಣೆದುರು, ಅಚ್ಚಾದ ಪುಟದಲ್ಲಿ. ಆದ್ದರಿಂದಲೇ ಜಗಳವಾಯಿತು, ತಪ್ಪು ಗೊತ್ತಾಯಿತು. ನಮ್ಮ ವಾರ್ಡುಗಳ ಛೇದದ ಬಗ್ಗೆ ಯಾರೂ ಜಗಳ ಮಾಡುವುದಿಲ್ಲ. 2025ರ ಆಗಸ್ಟ್‌ನಲ್ಲಿ ಮಹದೇವಪುರದ ಮತದಾರರ ಪಟ್ಟಿಯ ಬಗ್ಗೆ ಇಡೀ ದೇಶ ಜಗಳವಾಡಿತು, ಆಡಲೇಬೇಕಿತ್ತು. ಅದೇ ಮಹದೇವಪುರದ ರೋಗಿಗಳ ಪಟ್ಟಿಯ ಬಗ್ಗೆ ಒಬ್ಬರೂ ಕೇಳಲಿಲ್ಲ.

ಇನ್ನೊಂದು ತೊಡಕು ಬೇಲಿಗಳದು. ಬೆಂಗಳೂರಿನಲ್ಲಿ 'ಸರ್ಕಾರಿ ಆಸ್ಪತ್ರೆ' ಎಂಬ ಒಂದು ವಸ್ತು ಇಲ್ಲ. ತಾಲ್ಲೂಕು ಆಸ್ಪತ್ರೆಗಳು ಆರೋಗ್ಯ ಇಲಾಖೆಯವು. ವಿಕ್ಟೋರಿಯಾ, ಬೌರಿಂಗ್ ವೈದ್ಯಕೀಯ ಶಿಕ್ಷಣ ಇಲಾಖೆಗೆ ಸೇರಿದವು. ನಿಮ್ಹಾನ್ಸ್ ಕೇಂದ್ರದ ಸಂಸ್ಥೆ. ಹೆರಿಗೆ ಆಸ್ಪತ್ರೆಗಳು ಪಾಲಿಕೆಯವು, ಆ ಪಾಲಿಕೆಯೂ 2025ರ ಸೆಪ್ಟೆಂಬರ್‌ನಲ್ಲಿ ಐದಾಗಿ ಒಡೆಯಿತು. ಪೀಣ್ಯ, ರಾಜಾಜಿನಗರದ ಇಎಸ್‌ಐ ಆಸ್ಪತ್ರೆಗಳ ಮೂಲ ಕಾರ್ಮಿಕ ಸಚಿವಾಲಯದಲ್ಲಿದೆ. ಎಲೆಕ್ಟ್ರಾನಿಕ್ ಸಿಟಿಗೆ 2013ರಿಂದ ಪ್ರತ್ಯೇಕ ಕೈಗಾರಿಕಾ ಟೌನ್‌ಶಿಪ್ ಪ್ರಾಧಿಕಾರವಿದೆ. ಕ್ಯಾಂಪಸ್ಸಿನ ಗಾಜು ಒರೆಸುವವರು ರಸ್ತೆ ದಾಟಿ ಮನೆಗೆ ಹೋದರೆ ಆಡಳಿತವೇ ಬೇರೆ. ಇಷ್ಟು ಬೇಲಿಗಳ ನಡುವೆ ಓಡಾಡುವ ಒಬ್ಬ ರೋಗಿಯನ್ನು ಒಬ್ಬನೆಂದು ಗುರುತಿಸುವವರು ಯಾರು?

ನಮ್ಮ ಹುಡುಗನಿಗೆ ಕಾನೂನಿನ ಪ್ರಕಾರ ಇಎಸ್‌ಐ ಸಿಗಬೇಕಿತ್ತು. 2017ರಿಂದ ತಿಂಗಳ ಸಂಬಳ 21,000 ರೂಪಾಯಿವರೆಗೆ ಇರುವವರಿಗೆ ಅದು ಅನ್ವಯ, ಅವನ ಕೈಗೆ ಬರುತ್ತಿದ್ದುದು ಅದಕ್ಕಿಂತ ಎಷ್ಟೋ ಕಡಿಮೆ. ಆದರೆ ಗುತ್ತಿಗೆದಾರ ಅವನ ಹೆಸರು ಬರೆಸಿರಲಿಲ್ಲ. ಆಸ್ಪತ್ರೆಯಲ್ಲಿ ಕೇಳಿದರೆ ಮನೆ ಬಾಗಿಲಿಗೆ ಕೈ ಸಿಕ್ಕಿತು ಅನ್ನು ಎಂದು ಮೇಸ್ತ್ರಿ ಹೇಳಿಕೊಟ್ಟಿದ್ದ. ಅವನೂ ಹಾಗೇ ಅಂದ. ಹೀಗೆ ಮೂರು ಸಲ ಎಣಿಕೆಯಾದ ಆ ಬೆರಳು ಕಾರ್ಖಾನೆ ಅಪಘಾತದ ಲೆಕ್ಕದಲ್ಲಿ ಒಂದು ಸಲವೂ ಬರಲಿಲ್ಲ. ಎಲ್ಲಿ ಸಂಖ್ಯೆ ಹೆಚ್ಚಾದರೆ ಹೆಮ್ಮೆಯೋ ಅಲ್ಲಿ ಮೂರು, ಎಲ್ಲಿ ಹೆಚ್ಚಾದರೆ ಪ್ರಶ್ನೆ ಏಳುತ್ತದೋ ಅಲ್ಲಿ ಸೊನ್ನೆ.

ಹೆಂಗಸರ ಲೆಕ್ಕದಲ್ಲಿ ಇದರ ಇನ್ನೊಂದು ರೂಪ ಕಾಣುತ್ತದೆ. ಯಾದಗಿರಿಯಿಂದ ಬಂದು ವೈಟ್‌ಫೀಲ್ಡಿನ ಕಟ್ಟಡ ಕೆಲಸದ ಶೆಡ್ಡಿನಲ್ಲಿರುವ ಬಸುರಿಗೆ ಇಲ್ಲಿ ತಾಯಿ ಕಾರ್ಡ್ ಆಗುತ್ತದೆ. ಚೊಚ್ಚಲು ಹೆರಿಗೆಗೆ ತವರಿಗೆ ಹೋಗುತ್ತಾಳೆ. ಇಲ್ಲಿನ ಲೆಕ್ಕದಲ್ಲಿ ನೋಂದಣಿಯಾದ ಬಸುರಿ ಹೆರಿಗೆಯಾಗದೆ ಕಾಣೆಯಾಗುತ್ತಾಳೆ, ಅಲ್ಲಿನ ಲೆಕ್ಕದಲ್ಲಿ ನೋಂದಣಿಯಿಲ್ಲದ ಹೆರಿಗೆ ಹೆಚ್ಚುತ್ತದೆ. ಮೂರು ತಿಂಗಳ ಕೂಸಿನ ಜೊತೆ ವಾಪಸು ಬಂದಾಗ ಆ ಕೂಸು ಯಾರ ಪಟ್ಟಿಯಲ್ಲಿ? ತವರಿಗೆ ಹೋಗುವುದು ಕನ್ನಡ ನಾಡಿನಲ್ಲಿ ಇವತ್ತಿನ ಪದ್ಧತಿಯಲ್ಲ. ಹಾಡು ಕಟ್ಟಿದ್ದೇವೆ, ಕಥೆ ಬರೆದಿದ್ದೇವೆ. ತವರಿನ ದಾರಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳುವ ಒಂದು ನಮೂನೆ ಮಾತ್ರ ಮಾಡಲಾಗಲಿಲ್ಲ.

ತಾಯಿ ಮತ್ತು ಮಗುವನ್ನು ಒಂದು ಗುರುತಿನ ಸಂಖ್ಯೆಯಿಂದ ಊರೂರಿಗೂ ಹಿಂಬಾಲಿಸಲು ಆರ್‌ಸಿಎಚ್ ಪೋರ್ಟಲ್ ಇದೆಯಲ್ಲ ಎನ್ನಬಹುದು. ಇದೆ. ಅದನ್ನು ಬದುಕಿಸುವವರು ಆಶಾ ಕಾರ್ಯಕರ್ತೆಯರು. ಮನೆ ಮನೆ ತಿರುಗಿ ಮಾಹಿತಿ ತರುವವರು ಅವರೇ, ಆದರೆ ಪೋರ್ಟಲಿನಲ್ಲಿ ಎಂಟ್ರಿಯಾಗದ ಕೆಲಸಕ್ಕೆ ಪ್ರೋತ್ಸಾಹಧನ ಬರುವುದಿಲ್ಲ ಎಂಬುದು ಅವರ ಬಹುಕಾಲದ ದೂರು. 2025ರ ಜನವರಿಯ ಚಳಿಯಲ್ಲಿ ಫ್ರೀಡಂ ಪಾರ್ಕಿನಲ್ಲಿ ಅವರು ಹಗಲು ರಾತ್ರಿ ಕೂತರು. ತಿಂಗಳಿಗೆ ಕನಿಷ್ಠ 10,000 ರೂಪಾಯಿಯ ಭರವಸೆ ಪಡೆದು ಎದ್ದರು. ದೇಶದ ಆರೋಗ್ಯದ ಅಂಕಿಗಳ ಬುಡದಲ್ಲಿ ಇರುವುದು ಈ ಹೆಣ್ಣುಮಕ್ಕಳ ಸವೆದ ಚಪ್ಪಲಿ. ಸರಿಯಾದ ಸಂಖ್ಯೆ ಬೇಕೆನ್ನುವವರು ಮೊದಲು ಎಣಿಸುವವರ ಕೂಲಿಯ ಬಗ್ಗೆ ಮಾತಾಡಬೇಕು. ಎಂಟ್ರಿಗೆ ಇಷ್ಟು ಎಂದು ಕಾಸು ಕಟ್ಟಿದರೆ ಎಂಟ್ರಿ ಸಿಗುತ್ತದೆ, ಸತ್ಯ ಸಿಗುತ್ತದೆಂದು ಹೇಳಲಾಗದು.

ನನ್ನ ವಾದಕ್ಕೆ ಗಟ್ಟಿಯಾದ ವಿರೋಧವೂ ಉಂಟು, ಅದನ್ನು ಮರೆಮಾಚುವುದಿಲ್ಲ. ಎಣಿಸುವವರು ಯಾವಾಗಲೂ ಕಾಯುವವರಲ್ಲ. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂದಾಗ ಮನೆ ಮನೆ ಹುಡುಕಾಟಕ್ಕೆ, ಊರಾಚೆಯ ಶಿಬಿರಕ್ಕೆ ಹೆದರಿದ ಜನ ರೋಗಿಗಳನ್ನು ಬಚ್ಚಿಟ್ಟರು. ಲೆಕ್ಕಕ್ಕೆ ಸಿಗುವುದೆಂದರೆ ಹಿಡಿದುಕೊಂಡು ಹೋಗುವುದು ಎಂದೇ ಅವರಿಗೆ ಅರ್ಥವಾಗಿತ್ತು. ಅವರು ಮೊರೆ ಹೋದ ಪ್ಲೇಗಮ್ಮನ ಗುಡಿಗಳು ನಗರದಲ್ಲಿ ಇನ್ನೂ ಇವೆ. ಇವತ್ತಿನ ವಲಸೆ ಕಾರ್ಮಿಕ ಆಸ್ಪತ್ರೆಯ ಕಿಟಕಿಯಲ್ಲಿ ಊರಿನ ವಿಳಾಸ ಹೇಳಿ ಇಲ್ಲಿನ ಶೆಡ್ಡಿನ ವಿಳಾಸ ಮುಚ್ಚಿಡುವುದರ ಹಿಂದೆಯೂ ಅಂಥದ್ದೇ ಅಂಜಿಕೆ ಇದೆ. ಆದ್ದರಿಂದ ಎಲ್ಲರನ್ನೂ ಒಂದು ಕಾರ್ಡಿಗೆ, ಒಂದು ಬೆರಳಚ್ಚಿಗೆ ಕಟ್ಟಿಹಾಕಿ ಎಂದು ನಾನು ಹೇಳುತ್ತಿಲ್ಲ.

ಆದರೆ ಎಣಿಸದೇ ಇರುವುದು ರಕ್ಷಣೆಯಲ್ಲ. ಕೋವಿಡ್ ಅದನ್ನು ತೋರಿಸಿತು. ದೇಶದಲ್ಲಿ ಕೋವಿಡ್‌ನಿಂದ ಸತ್ತವರು ಅಧಿಕೃತವಾಗಿ ಸುಮಾರು 5.3 ಲಕ್ಷ. ನಾಗರಿಕ ನೋಂದಣಿಯ ಲೆಕ್ಕದಲ್ಲಿ 2020ರಲ್ಲಿ 81 ಲಕ್ಷ ಇದ್ದ ಒಟ್ಟು ಸಾವುಗಳು 2021ರಲ್ಲಿ 1.02 ಕೋಟಿ. ಒಂದೇ ವರ್ಷದಲ್ಲಿ ಸುಮಾರು 21 ಲಕ್ಷ ಹೆಚ್ಚಳ. ನೋಂದಣಿ ಸುಧಾರಿಸಿದ್ದರಿಂದ ಸ್ವಲ್ಪ ಹೆಚ್ಚಿರಬಹುದು, ಎಲ್ಲವೂ ಕೋವಿಡ್ ಸಾವೆಂದು ಹೇಳಲಾಗದು. ಆದರೆ ಈ ಅಂಕಿ ಸಾರ್ವಜನಿಕರ ಕೈಗೆ ಬಂದದ್ದು 2025ರ ಮೇ ತಿಂಗಳಲ್ಲಿ. ಶ್ಮಶಾನದ ಮುಂದೆ ಆಂಬುಲೆನ್ಸ್ ಸಾಲು ನಿಂತ ನಾಲ್ಕು ವರ್ಷದ ಮೇಲೆ. ಆ ನಾಲ್ಕು ವರ್ಷ ನಾವು ಕೋವಿಡ್ ಕವಿತೆ, ಕೋವಿಡ್ ಡೈರಿ, ಕೋವಿಡ್ ಕಾದಂಬರಿ ಬರೆದೆವು. ಸಾವಿನ ಲೆಕ್ಕ ಎಲ್ಲಿ ಎಂದು ಕೇಳಿದ ಲೇಖಕರನ್ನು ಬೆರಳಲ್ಲಿ ಎಣಿಸಬಹುದು.

ಇದೆಲ್ಲ ನಮ್ಮ ದೇಶದಲ್ಲಿ ಆಗುವ ಮಾತೇ ಎನ್ನುವವರಿಗೆ ದೂರ ಹೋಗದೆ ಉತ್ತರ ಇದೆ. ಇದೇ ಊರಿನ ಕಿದ್ವಾಯಿ ಸಂಸ್ಥೆಯಲ್ಲಿ 1982ರಿಂದ ಜನಸಂಖ್ಯಾ ಆಧಾರಿತ ಕ್ಯಾನ್ಸರ್ ನೋಂದಣಿ ನಡೆಯುತ್ತಿದೆ, ಐಸಿಎಂಆರ್‌ನ ರಾಷ್ಟ್ರೀಯ ಕಾರ್ಯಕ್ರಮದ ಭಾಗವಾಗಿ. ಅಲ್ಲಿನ ಸಿಬ್ಬಂದಿ ವರದಿ ಬರಲಿ ಎಂದು ಕಾದು ಕೂರುವುದಿಲ್ಲ. ಸರ್ಕಾರಿ, ಖಾಸಗಿ ಆಸ್ಪತ್ರೆಗಳಿಗೆ, ಲ್ಯಾಬುಗಳಿಗೆ ತಾವೇ ಹೋಗುತ್ತಾರೆ, ಮರಣ ದಾಖಲೆ ನೋಡುತ್ತಾರೆ. ಒಬ್ಬ ರೋಗಿ ನಾಲ್ಕು ಆಸ್ಪತ್ರೆ ಸುತ್ತಿದ್ದರೆ ನಾಲ್ಕು ದಾಖಲೆಗಳನ್ನು ಹೊಂದಿಸಿ ಒಬ್ಬನೆಂದೇ ಎಣಿಸುತ್ತಾರೆ. ಒಂದು ವರ್ಷವಾದರೂ ಇಲ್ಲಿ ವಾಸವಿದ್ದವರನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳುವುದರಿಂದ ಹೊಸದಾಗಿ ಬಂದ ವಲಸಿಗ ಅಲ್ಲೂ ಹೊರಗೆ ಉಳಿಯುತ್ತಾನೆ, ನಿಜ. ಆದರೂ ಭೇಟಿಯನ್ನು ಬಿಟ್ಟು ಮನುಷ್ಯನನ್ನು ಎಣಿಸಬಹುದು ಎಂದು ಈ ಊರು ನಾಲ್ಕು ದಶಕದಿಂದ ತೋರಿಸುತ್ತಿದೆ. ಕ್ಯಾನ್ಸರಿಗೆ ಆದದ್ದು ಕತ್ತರಿಸಿದ ಬೆರಳಿಗೆ ಯಾಕೆ ಆಗಬಾರದು?

ನಾನು ಕೇಳುತ್ತಿರುವುದು ದೊಡ್ಡದೇನಲ್ಲ. ಚಿಕಿತ್ಸೆ ಕೊಡದೆ ಬೇರೆಡೆಗೆ ಕಳಿಸಿದ ಹೊರರೋಗಿಯನ್ನು ಪ್ರತ್ಯೇಕವಾಗಿ, ಕಾರಣ ಸಮೇತ ಬರೆಯಿರಿ. ಆಧಾರ್ ವಿಳಾಸದ ಜೊತೆಗೆ ಈಗ ಎಲ್ಲಿ ಮಲಗುತ್ತೀರಿ, ಎಲ್ಲಿ ದುಡಿಯುತ್ತೀರಿ ಎಂದು ಕೇಳಿ, ಆ ಉತ್ತರ ಮಾಲೀಕನಿಗೂ ಪೊಲೀಸರಿಗೂ ಹೋಗುವುದಿಲ್ಲ ಎಂಬ ಖಾತ್ರಿ ಕೊಡಿ. 'ಗೊತ್ತಿಲ್ಲ' ಎಂದು ಬರೆಯುವ ನೌಕರರಿಗೆ ಬೈಯಬೇಡಿ. ಇಎಸ್‌ಐ, ಪಾಲಿಕೆ, ವೈದ್ಯಕೀಯ ಕಾಲೇಜು, ಆರೋಗ್ಯ ಇಲಾಖೆ ನಾಲ್ಕರ ಲೆಕ್ಕವನ್ನೂ ಒಂದು ಕಡೆ ಇಡಿ. ಕೊನೆಯದು, ಮೇಲಕ್ಕೆ ಕಳಿಸಿದ ಅಂಕಿಯನ್ನು ಕನ್ನಡದಲ್ಲಿ ಅದೇ ಆಸ್ಪತ್ರೆಯ ಗೋಡೆಗೆ ಹಚ್ಚಿ: ಈ ತಿಂಗಳು ಇಷ್ಟು ಜನ ಬಂದರು, ಇಷ್ಟು ಜನರನ್ನು ಕಳಿಸಿದೆವು, ಇಷ್ಟು ದಿನ ವೈದ್ಯರಿರಲಿಲ್ಲ. ಅಂಕಿ ದಿಲ್ಲಿಗೆ ಹೋಗುತ್ತದೆ, ಹುಟ್ಟಿದ ಊರಿಗೆ ವಾಪಸು ಬರುವುದಿಲ್ಲ. ಬಂದರೆ ಸುಳ್ಳು ಬರೆಯುವುದು ಕಷ್ಟ. ಸಾಲಿನಲ್ಲಿ ನಿಂತವರಿಗೆ ಸತ್ಯ ಗೊತ್ತಿರುತ್ತದೆ.

ಇದನ್ನು ಓದುತ್ತಿರುವ ವಿದ್ಯಾರ್ಥಿಗಳಿಗೆ ಒಂದು ಮಾತು. ಸಾಲುಗಳ ನಡುವೆ ಓದುವುದು, ಹೇಳದೆ ಬಿಟ್ಟದ್ದನ್ನು ಕೇಳಿಸಿಕೊಳ್ಳುವುದು, ನಿರೂಪಕನನ್ನು ಸುಲಭಕ್ಕೆ ನಂಬದಿರುವುದು ನಿಮಗೆ ಕಲಿಸಿದ ವಿದ್ಯೆ. ಅದನ್ನು ಕಾದಂಬರಿಯ ಮೇಲಷ್ಟೇ ಯಾಕೆ ಪ್ರಯೋಗಿಸುತ್ತೀರಿ? ಒಂದು ಆಸ್ಪತ್ರೆಯ ತಿಂಗಳ ವರದಿಯನ್ನು ಮಾಹಿತಿ ಹಕ್ಕಿನಲ್ಲಿ ಕೇಳಿ ಪಡೆದು ಓದಿ. ಸೊನ್ನೆಗಳನ್ನು ಅನುಮಾನಿಸಿ. ಶೇಕಡ ನೂರು ಎಂದು ಕಂಡಲ್ಲಿ ಛೇದ ಯಾವ ವರ್ಷದ್ದು ಎಂದು ಕೇಳಿ. ನಿಮ್ಮ ಬಡಾವಣೆಯ ಆಸ್ಪತ್ರೆಗೆ ಆರೋಗ್ಯ ರಕ್ಷಾ ಸಮಿತಿ ಎಂಬುದೊಂದು ಇರುತ್ತದೆ, ಅದರ ಸಭೆ ಕಳೆದ ಸಲ ಯಾವಾಗ ನಡೆಯಿತು ಎಂದು ವಿಚಾರಿಸಿ.

ಆ ಹುಡುಗ ಈಗ ಬೇರೆ ಶೆಡ್ಡಿನಲ್ಲಿ ಪ್ಯಾಕಿಂಗ್ ಕೆಲಸಕ್ಕಿದ್ದಾನೆ. ಮಷೀನಿನ ಮುಂದೆ ನಿಂತಾಗ ಸಿಗುತ್ತಿದ್ದುದಕ್ಕಿಂತ ಕೂಲಿ ಕಡಿಮೆ. ಮೂರು ಚೀಟಿಗಳನ್ನು ಯಾಕೆ ಇನ್ನೂ ಇಟ್ಟುಕೊಂಡಿದ್ದೀಯ ಎಂದು ಕೇಳಿದ್ದೆ. "ಯಾರಾದ್ರೂ ಕೇಳಿದ್ರ ತೋರ್ಸಾಕ ಬೇಕಲ್ಲಕ್ಕ" ಅಂದ. ಅಲ್ಲಿಯವರೆಗೆ ನನ್ನನ್ನು ಬಿಟ್ಟು ಇನ್ಯಾರೂ ಕೇಳಿರಲಿಲ್ಲ.